ಎಂಟನೇ ತರಗತಿಯಲ್ಲಿ 1787ರ ಫಿಲಡೆಲ್ಫಿಯಾ: ಕಾಳು, ಚೀಟಿ, ಭಾಗಾಕಾರ

ಅಮೆರಿಕದ ಸರ್ಕಾರ ಹುಟ್ಟಿದ ಪಾಠವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಡಬ್ಬಿಗಳ ಚಿತ್ರದಿಂದ ಶುರು ಮಾಡಿದರೆ ಪಾಠ ಅಲ್ಲಿಗೇ ಮುಗಿದ ಹಾಗೆ. ಉತ್ತರ ಬೋರ್ಡಿನ ಮೇಲೆ ಬಂದಾಯಿತು, ಇನ್ನು ಪ್ರಶ್ನೆ ಯಾರಿಗೆ ಬೇಕು? ಆ ಚಿತ್ರ ನನ್ನ ತರಗತಿಯಲ್ಲಿ ಎಂಟನೇ ಪೀರಿಯಡ್‌ಗೆ ಬರುತ್ತದೆ. ಅದಕ್ಕೂ ಮೊದಲಿನ ಏಳು ಪೀರಿಯಡ್ ಪೂರ್ತಿ ಜಗಳ, ಮತ ಎಣಿಕೆ, ಭಾಗಾಕಾರ. ಇಲ್ಲಿ ಅಮೆರಿಕದ ಎಂಟನೇ ತರಗತಿಯ 30 ಮಕ್ಕಳು, 50 ನಿಮಿಷದ ಪೀರಿಯಡ್, ಒಟ್ಟು ಒಂಬತ್ತು ದಿನ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಈ ಪಾಠ ಹೇಳಿಕೊಡಲು ಕೂರುವ ಕನ್ನಡದ ತಂದೆತಾಯಿಗೂ, ಊರಲ್ಲಿ ಅಮೆರಿಕದ ಸಂವಿಧಾನ ಕಲಿಸುವ ಮೇಷ್ಟ್ರಿಗೂ ಲೆಕ್ಕದ ಭಾಗ ಹಾಗೆಯೇ ಉಪಯೋಗಕ್ಕೆ ಬರುತ್ತದೆ.

ಮೊದಲು ಸೋತ ಸರ್ಕಾರ

ಸಂವಿಧಾನಕ್ಕೂ ಮುಂಚೆ ಆ ದೇಶಕ್ಕೆ ಇನ್ನೊಂದು ಸರ್ಕಾರವಿತ್ತು ಎಂಬುದೇ ಮುಕ್ಕಾಲು ಪಾಲು ಮಕ್ಕಳಿಗೆ ಗೊತ್ತಿರುವುದಿಲ್ಲ. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಜನ, ಒಂದೇ ದಿನ ಬರೆದರು ಎಂದುಕೊಂಡಿರುತ್ತಾರೆ. ಕೋಣೆಯ ಮಟ್ಟಿಗೆ ಅದು ನಿಜವೂ ಹೌದು, ಎರಡಕ್ಕೂ ಸಹಿ ಬಿದ್ದದ್ದು ಫಿಲಡೆಲ್ಫಿಯಾದ ಅದೇ ಕಟ್ಟಡದಲ್ಲಿ. ನಡುವೆ ಇದ್ದದ್ದು ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್, ಅಂದರೆ ಹದಿಮೂರು ರಾಜ್ಯಗಳ ಒಕ್ಕೂಟದ ನಿಯಮಾವಳಿ. ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅದನ್ನು ಒಪ್ಪಿದ್ದು 1777ರ ನವೆಂಬರ್‌ನಲ್ಲಿ, ಹದಿಮೂರೂ ರಾಜ್ಯಗಳ ಒಪ್ಪಿಗೆ ಸಿಕ್ಕಿ ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು.

ಇದನ್ನು ಕಾಳಿನಿಂದ ಕಲಿಸಬಹುದು. ಇಬ್ಬಿಬ್ಬರ 13 ಗುಂಪು ಮಾಡಿದರೆ 26 ಮಕ್ಕಳಾದರು. ಉಳಿದ ನಾಲ್ವರು ಕಾಂಗ್ರೆಸ್. ಪ್ರತಿ ಗುಂಪಿಗೂ ಒಂದು ಪೇಪರ್ ಕಪ್, ಹತ್ತು ರಾಜ್ಮಾ ಕಾಳು. (ಕಡಲೆಬೀಜ ಬೇಡ. ಅಲರ್ಜಿಯ ಭಯಕ್ಕೆ ಇಲ್ಲಿನ ಬಹಳ ಶಾಲೆಗಳು ಅದನ್ನು ಬಾಗಿಲೊಳಗೇ ಬಿಡುವುದಿಲ್ಲ.) ಯುದ್ಧದ ಸಾಲ ತೀರಿಸಲು ಕಾಂಗ್ರೆಸ್‌ಗೆ 52 ಕಾಳು ಬೇಕು, ಅಂದರೆ ರಾಜ್ಯಕ್ಕೆ ನಾಲ್ಕು. ಕಾಂಗ್ರೆಸ್ ವಿನಂತಿ ಮಾಡಬಹುದು, ಕಿತ್ತುಕೊಳ್ಳುವಂತಿಲ್ಲ. ಪ್ರತಿ ಗುಂಪಿನ ಚೀಟಿಯಲ್ಲಿ ಅವರದೇ ಸಾಲವೂ ಬರೆದಿರುತ್ತದೆ: ಕೆಲವರಿಗೆ ಮೂರು ಕಾಳು, ಕೆಲವರಿಗೆ ಎಂಟು. ಬಟ್ಟಲು ಬಟ್ಟೆ ಮುಚ್ಚಿಕೊಂಡು ಸುತ್ತು ಹೋಗುತ್ತದೆ. ಯಾರು ಎಷ್ಟು ಹಾಕಿದರು ಕಾಣುವುದಿಲ್ಲ. ಬಟ್ಟೆ ಇಲ್ಲದಿದ್ದರೆ ಆಟ ಕೆಡುತ್ತದೆ, ನಾಚಿಕೆಗೆ ಎಲ್ಲರೂ ನಾಲ್ಕು ನಾಲ್ಕು ಹಾಕಿಬಿಡುತ್ತಾರೆ.

ಬಟ್ಟಲು ತುಂಬದೆ ಬಂದ ಮೇಲೆ ಎರಡನೇ ಸುತ್ತು. ಆಮದು ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ ಹಾಕುವ ಅಧಿಕಾರವನ್ನು ಕಾಂಗ್ರೆಸ್‌ಗೆ ಕೊಡೋಣವೇ? ದೊಡ್ಡ ವಿಷಯಗಳಿಗೆ 9 ರಾಜ್ಯ ಸಾಕು, ಆದರೆ ನಿಯಮವನ್ನೇ ತಿದ್ದಲು 13ಕ್ಕೆ 13ರ ಒಪ್ಪಿಗೆ ಬೇಕು. ರೋಡ್ ಐಲೆಂಡ್ ಗುಂಪಿನ ಚೀಟಿಯಲ್ಲಿ ಮಾತ್ರ ಒಂದು ಸಾಲು ಹೆಚ್ಚು: ‘ನಿಮ್ಮ ಬಂದರಿನ ಸುಂಕ ನಿಮ್ಮ ಆದಾಯ.’ ಆ ಇಬ್ಬರು ಕೈ ಎತ್ತದೆ ಕೂತಾಗ ಇಡೀ ತರಗತಿ ಅವರ ಮೇಲೆ ಕೂಗಾಡುತ್ತದೆ. 1782ರಲ್ಲಿ ಆದದ್ದೂ ಇಷ್ಟೇ. ಕೂಗಾಟ ನಿಂತ ಮೇಲೆ ಒಂದು ನಿಮಿಷ ಸುಮ್ಮನಿದ್ದು, ನೀವು ಏನನ್ನು ಬದಲಿಸುತ್ತೀರಿ ಎಂದು ಬರೆಸಿಕೊಳ್ಳುತ್ತೇನೆ. ಮುಂದಿನ ಎಂಟು ದಿನ ಆ ಕಾಗದ ಗೋಡೆಯ ಮೇಲಿರುತ್ತದೆ.

ಆದರೆ ಹಳೆಯ ಕಾಂಗ್ರೆಸ್ಸಿಗೆ ಏನೂ ಕೈಲಾಗುತ್ತಿರಲಿಲ್ಲ ಎಂದು ಹೇಳಿ ಮುಗಿಸಬಾರದು. 1783ರ ಪ್ಯಾರಿಸ್ ಒಪ್ಪಂದ ಅದರ ಕೆಲಸ. ಒಹಾಯೋ ನದಿಯ ವಾಯವ್ಯಕ್ಕಿದ್ದ ಪ್ರದೇಶದಿಂದ ಹೊಸ ರಾಜ್ಯಗಳನ್ನು ಕಟ್ಟುವ ಕ್ರಮ ಹೇಳಿದ, ಅಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ ಕಾನೂನೂ ಅದರದ್ದೇ. ಅದನ್ನು ನ್ಯೂಯಾರ್ಕಿನಲ್ಲಿ ಕೂತು ಪಾಸು ಮಾಡಿದ್ದು 1787ರ ಜುಲೈ 13ರಂದು, ಅತ್ತ ಫಿಲಡೆಲ್ಫಿಯಾದಲ್ಲಿ ಅದರ ಗೋರಿ ತೋಡುತ್ತಿದ್ದಾಗ.

ಎರಡನೇ ಪೀರಿಯಡ್ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರದ್ದು. ಡೇನಿಯಲ್ ಶೇಸ್ ಮತ್ತು ಜೊತೆಗಾರರು ಕೋರ್ಟುಗಳಿಗೆ ಅಡ್ಡ ಕೂತದ್ದು, 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಂದೆ ನಾಲ್ವರು ಸತ್ತದ್ದು. ನಕ್ಷೆ, ಹದಿನೈದು ನಿಮಿಷದ ಓದು, ಸಾಲ ಕೊಟ್ಟವನ ಕಡೆಯಿಂದ ಒಂದು ಪತ್ರ, ಸಾಲಗಾರನ ಕಡೆಯಿಂದ ಒಂದು ಪತ್ರ. ಇದಕ್ಕೆ ಅಷ್ಟು ಸಾಕು.

ಕೋಣೆ ಜೋಡಿಸುವುದು

ಮೂರನೇ ದಿನ ಗುಂಪುಗಳನ್ನು ಒಡೆದು ಬೇರೆ ಮಾಡಬೇಕು. ಇನ್ನು ಸಮಾವೇಶ, ಅಂದರೆ 1787ರಲ್ಲಿ ರಾಜ್ಯಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿ ಸಂವಿಧಾನ ಬರೆದ ಸಭೆ. ಇಲ್ಲಿ ಹೆಚ್ಚಿನವರು 13 ರಾಜ್ಯ ಇಟ್ಟುಕೊಂಡೇ ಅದನ್ನು ನಡೆಸುತ್ತಾರೆ, ಅದು ತಪ್ಪು. ರೋಡ್ ಐಲೆಂಡ್ ಫಿಲಡೆಲ್ಫಿಯಾಕ್ಕೆ ಯಾರನ್ನೂ ಕಳಿಸಲೇ ಇಲ್ಲ. ನ್ಯೂಯಾರ್ಕಿನ ಮೂವರಲ್ಲಿ ಇಬ್ಬರು ಜುಲೈ 10ರಂದು ಗಂಟುಮೂಟೆ ಕಟ್ಟಿದರು. ಉಳಿದ ಹ್ಯಾಮಿಲ್ಟನ್ ಒಬ್ಬನಿಂದ ರಾಜ್ಯದ ಮತ ಚಲಾಯಿಸಲಾಗುತ್ತಿರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನವರು ಬಂದು ತಲುಪಿದ್ದು ಜುಲೈ 23ಕ್ಕೆ. ಹಾಗಾಗಿ ಒಂದು ಸದನದಲ್ಲಿ ಜನಸಂಖ್ಯೆಗೆ ತಕ್ಕ ಸೀಟು, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮಪಾಲು ಎಂಬ ರಾಜಿಯ ಮೇಲೆ ನಡೆದ, ಮುಖ್ಯವಾದ ಜುಲೈ 16ರ ಮತದ ದಿನ ಕೋಣೆಯಲ್ಲಿದ್ದದ್ದು ಹತ್ತೇ ರಾಜ್ಯ. 30 ಮಕ್ಕಳಿಗೆ ಹತ್ತು ಗುಂಪು ಸರಿಯಾಗಿ ಕೂಡುತ್ತದೆ.

ಆದರೆ ಮೂವರಂತೆ ಸಮನಾಗಿ ಹಂಚಬೇಡಿ. ಮತ ತಲೆಗೊಂದಲ್ಲ, ರಾಜ್ಯಕ್ಕೊಂದು; ಗುಂಪಿನೊಳಗಿನ ಬಹುಮತವೇ ರಾಜ್ಯದ ಮತ. ಮೂವರ ಗುಂಪು ಯಾವತ್ತೂ ಸಮನಾಗಿ ಒಡೆಯುವುದಿಲ್ಲ, ನಿಜವಾದ ಮತದಲ್ಲಿ ಮ್ಯಾಸಚೂಸೆಟ್ಸ್ 2-2ಕ್ಕೆ ಒಡೆದದ್ದರಿಂದಲೇ ಫಲಿತಾಂಶ 5-4 ಆಯಿತು. ಆದ್ದರಿಂದ ಮ್ಯಾಸಚೂಸೆಟ್ಸ್‌ಗೆ ನಾಲ್ವರು, ಡೆಲವೇರ್‌ಗೆ ಇಬ್ಬರು, ಉಳಿದ ಎಂಟಕ್ಕೆ ಮೂವರು. ನಾಲ್ವರ ಗುಂಪಿಗೆ ಸುಲಭಕ್ಕೆ ಮನಸ್ಸು ಬದಲಿಸದ ಇಬ್ಬರನ್ನು ಹಾಕಿದರೆ ಒಡೆಯುವ ಸಂಭವ ಹೆಚ್ಚು.

ಅಧ್ಯಕ್ಷನ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ನಾಲ್ಕು ತಿಂಗಳು ಅದೇ ಕುರ್ಚಿಯಲ್ಲಿ ಕೂತಿದ್ದ ವಾಷಿಂಗ್ಟನ್ ವಿಷಯದ ಮೇಲೆ ಬಾಯಿ ಬಿಟ್ಟದ್ದು ಕೊನೆಯ ದಿನ, ಒಂದೇ ಸಲ: 40,000 ಜನಕ್ಕೊಬ್ಬ ಪ್ರತಿನಿಧಿ ಅಂತಿರುವುದನ್ನು 30,000ಕ್ಕೆ ಇಳಿಸಿ ಅಂತ. ಮೇಷ್ಟ್ರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಪಾತ್ರ ಸಿಗುವುದಿಲ್ಲ.

ನಿಯಮಗಳು ಸಮಾವೇಶದವೇ. ಒಬ್ಬ ಮಾತಾಡುವಾಗ ಇನ್ನೊಬ್ಬ ಪಿಸುಗುಡುವಂತಿಲ್ಲ, ಪುಸ್ತಕ ಓದುವಂತಿಲ್ಲ. ಒಂದೇ ವಿಷಯಕ್ಕೆ ಅನುಮತಿ ಇಲ್ಲದೆ ಎರಡಕ್ಕಿಂತ ಹೆಚ್ಚು ಸಲ ಎದ್ದು ನಿಲ್ಲುವಂತಿಲ್ಲ. ಒಳಗಿನ ಮಾತು ಹೊರಗೆ ಹೋಗುವಂತಿಲ್ಲ. ಇತ್ಯರ್ಥವಾದ ವಿಷಯವನ್ನು ಮತ್ತೆ ತೆಗೆಯಬಹುದು, ಇದು ಮಕ್ಕಳಿಗೆ ತೀರಾ ವಿಚಿತ್ರ ಅನಿಸುತ್ತದೆ, ಆದರೆ ಇದಿಲ್ಲದೆ ಯಾರೂ ತಮ್ಮ ನಿಲುವು ಬದಲಿಸುತ್ತಿರಲಿಲ್ಲ. ಗುಟ್ಟಿನ ನಿಯಮಕ್ಕೆ ಕಿಟಕಿಯ ಪರದೆ ಎಳೆದರೆ ಸಾಕು. ಫಿಲಡೆಲ್ಫಿಯಾದವರ ಹಾಗೆ ಕಿಟಕಿ ಮುಚ್ಚಿಕೊಂಡು ಬೇಸಿಗೆಯಲ್ಲಿ ಬೇಯಬೇಕಾಗಿಲ್ಲ.

ಚೀಟಿಯಲ್ಲಿ ಏನಿರಬೇಕು

ಇಡೀ ಪಾಠ ನಿಂತಿರುವುದು ಚೀಟಿಯ ಮೇಲೆ. ಪ್ರತಿ ರಾಜ್ಯಕ್ಕೂ ಐವತ್ತು ಅರವತ್ತು ಪದ, ಅದಕ್ಕಿಂತ ಹೆಚ್ಚಾದರೆ ಓದುವುದಿಲ್ಲ. ಜನಸಂಖ್ಯೆ, ಅದರಲ್ಲಿ ಗುಲಾಮಗಿರಿಯಲ್ಲಿದ್ದವರೆಷ್ಟು, ಪಶ್ಚಿಮಕ್ಕೆ ಖಾಲಿ ಜಮೀನಿದೆಯೇ, ಬಂದರಿದೆಯೇ, ರಾಜ್ಯದ ಶಾಸನಸಭೆ ಏನು ಹೇಳಿ ಕಳಿಸಿದೆ. ಅಂಕಿಗಳು 1790ರ ಮೊದಲ ಜನಗಣತಿಯವು. 1787ರಲ್ಲಿ ಅವರ ಕೈಲಿದ್ದದ್ದು ಅಂದಾಜು ಮಾತ್ರ ಎಂದು ಚೀಟಿಯ ಅಡಿಗೆ ಬರೆದಿರಬೇಕು. ಕೊನೆಗೆ ಯಾವ ಕಡೆ ಮತ ಹಾಕಿದರು ಎಂಬುದನ್ನು ಮಾತ್ರ ಬರೆಯಲೇಬಾರದು.

ಡೆಲವೇರ್ ಚೀಟಿಯಲ್ಲಿ ಒಂದು ಕಟ್ಟು ಇದೆ: ರಾಜ್ಯಕ್ಕೊಂದು ಮತ ಎಂಬುದನ್ನು ಬಿಟ್ಟುಕೊಡುವಂತಿಲ್ಲ ಎಂದು ಅಲ್ಲಿನ ಶಾಸನಸಭೆ ಪ್ರತಿನಿಧಿಗಳ ಕೈ ಕಟ್ಟಿ ಕಳಿಸಿತ್ತು. ಜಾರ್ಜಿಯಾ ಚೀಟಿಯಲ್ಲಿ ಜನಸಂಖ್ಯೆ 82,548. ಅದರ ಕೆಳಗೆ ಜಮೀನು ಬಹಳ, ಜನ ಬರುತ್ತಿದ್ದಾರೆ ಎಂಬ ಸಾಲು. ಮೇಲಿನ ಅಂಕಿ ಮಾತ್ರ ನೋಡಿದ ಗುಂಪು ಸಣ್ಣ ರಾಜ್ಯಗಳ ಜೊತೆ ಹೋಗಿ ಕೂರುತ್ತದೆ. ಕೆಳಗಿನ ಸಾಲು ಓದಿದ ಗುಂಪು ವರ್ಜಿನಿಯಾದ ಪಕ್ಕ ಕೂರುತ್ತದೆ. ನಿಜವಾದ ಜಾರ್ಜಿಯಾ ಕೂತದ್ದೂ ಅಲ್ಲೇ. ‘ದೊಡ್ಡ ರಾಜ್ಯ, ಸಣ್ಣ ರಾಜ್ಯ’ ಎಂದು ಪುಸ್ತಕ ಹೇಳುವುದು ಇವತ್ತಿನ ಜನಸಂಖ್ಯೆಯ ಮಾತಷ್ಟೇ ಅಲ್ಲ, ನಾಳೆ ಎಷ್ಟಾದೇವು ಎಂಬ ಲೆಕ್ಕವೂ ಹೌದು ಎಂಬುದು ಈ ಒಂದು ಚೀಟಿಯಿಂದ ಗೊತ್ತಾಗುತ್ತದೆ. ಮುಂದಿನ ಕ್ಷೇತ್ರ ಮರುವಿಂಗಡಣೆಯಲ್ಲಿ ಕರ್ನಾಟಕಕ್ಕೆ ಲೋಕಸಭೆಯ ಎಷ್ಟು ಸೀಟು ಉಳಿದೀತು ಎಂದು ತಲೆ ಕೆಡಿಸಿಕೊಂಡಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು, ನಾಲ್ಕನೇ ಪೀರಿಯಡ್‌ನ ಸಮಯ ಹೀಗೆ: ನಿಯಮಕ್ಕೆ 5 ನಿಮಿಷ, ಚೀಟಿ ಮತ್ತು ಯೋಜನೆ ಓದಲು 12, ಎದ್ದು ಓಡಾಡಿ ಬೇರೆ ರಾಜ್ಯಗಳನ್ನು ಒಲಿಸಿಕೊಳ್ಳಲು 15, ಕುಳಿತು ಚರ್ಚೆಗೆ 10, ಮತಕ್ಕೆ 5, ಬರೆಯಲು 3. ಓಡಾಟಕ್ಕೆ ಹದಿನೈದು ನಿಮಿಷ ಜಾಸ್ತಿಯಾಯಿತು ಎಂದು ಕತ್ತರಿಸಬೇಡಿ, ಕೆಲಸವೆಲ್ಲ ಆಗುವುದು ಅಲ್ಲೇ. ಮೊದಲ ದಿನ ಮೇ 29ರ ವರ್ಜಿನಿಯಾ ಯೋಜನೆ: ದೇಶದ ಶಾಸನಸಭೆಗೆ ಎರಡು ಮನೆ (ಸದನ), ಎರಡರಲ್ಲೂ ದೊಡ್ಡ ರಾಜ್ಯಗಳಿಗೆ ಹೆಚ್ಚು ಸೀಟು. ಮರುದಿನ ಜೂನ್ 15ರ ನ್ಯೂಜೆರ್ಸಿ ಯೋಜನೆ: ಒಂದೇ ಮನೆ, ರಾಜ್ಯಕ್ಕೊಂದು ಮತ, ಹಳೆಯ ನಿಯಮಕ್ಕೇ ಸುಂಕದ ಅಧಿಕಾರ ಸೇರಿಸಿ ರಿಪೇರಿ.

ಇಲ್ಲಿ ಎಲ್ಲರಿಗೂ ಆಗುವ ಎಡವಟ್ಟು ಒಂದಿದೆ. ಐದನೇ ನಿಮಿಷಕ್ಕೆ ಜಾಣ ಹುಡುಗಿಯೊಬ್ಬಳು ಎದ್ದು, ‘ಒಂದು ಮನೆ ಜನಸಂಖ್ಯೆಗೆ, ಇನ್ನೊಂದು ಸಮಾನವಾಗಿ’ ಎಂದು ಬಿಡುತ್ತಾಳೆ. ಉತ್ತರ ಅವಳಿಗೆ ಮೊದಲೇ ಗೊತ್ತು, ವಾಷಿಂಗ್ಟನ್ನಿನ ಆ ಗುಮ್ಮಟ ನೋಡಿಕೊಂಡು ಬೆಳೆದವಳು. ಎಲ್ಲರೂ ಚಪ್ಪಾಳೆ ತಟ್ಟಿದರೆ ಏಳು ವಾರದ ಜಗಳ ಏಳು ನಿಮಿಷಕ್ಕೆ ಮುಗಿಯುತ್ತದೆ. ತಡೆಯಲು ಎರಡು ಉಪಾಯ. ರಾಜಿ ಸೂತ್ರವನ್ನು ಕನೆಕ್ಟಿಕಟ್ ಗುಂಪು ಮಾತ್ರ, ಅದೂ ನಾಲ್ಕನೇ ಪೀರಿಯಡ್‌ನಲ್ಲಿ ಮಾತ್ರ ಮಂಡಿಸಬಹುದು ಎಂಬುದು ಒಂದು. ಇನ್ನೊಂದು ಹೆಚ್ಚು ಕೆಲಸ ಮಾಡುತ್ತದೆ: ಒಪ್ಪುವ ಪ್ರತಿ ದೊಡ್ಡ ರಾಜ್ಯವೂ ತನ್ನ ಊರಿಗೆ ಹೋಗಿ ಹೇಳಬೇಕಾದ ಮಾತನ್ನು ಎರಡು ಸಾಲಲ್ಲಿ ಬರೆದು ಓದಬೇಕು. ‘ನಮ್ಮ ಏಳೂವರೆ ಲಕ್ಷ ಜನಕ್ಕೆ ಎರಡು ಮತ, ಡೆಲವೇರಿನ ಅರವತ್ತು ಸಾವಿರಕ್ಕೂ ಎರಡು ಮತ’ ಎಂದು ವರ್ಜಿನಿಯಾದವರು ಜೋರಾಗಿ ಓದಿದಾಗ ಅವರಿಗೇ ಒಪ್ಪಿಗೆ ತಪ್ಪುತ್ತದೆ.

ಮತ ಮುಗಿದ ಮೇಲೆ ಅಸಲಿ ಫಲಿತಾಂಶ ಪಕ್ಕದಲ್ಲಿ ಬರೆಯಿರಿ. ಪರ: ಕನೆಕ್ಟಿಕಟ್, ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ. ವಿರೋಧ: ಪೆನ್ಸಿಲ್ವೇನಿಯಾ, ವರ್ಜಿನಿಯಾ, ಸೌತ್ ಕೆರೊಲಿನಾ, ಜಾರ್ಜಿಯಾ. ಒಡೆದದ್ದು ಮ್ಯಾಸಚೂಸೆಟ್ಸ್. ತರಗತಿಯ ಫಲಿತಾಂಶ ಇದಕ್ಕೆ ಹೊಂದಲೇಬೇಕು ಎಂದಿಲ್ಲ, ಹೊಂದದಿದ್ದರೆ ಯಾವ ರಾಜ್ಯ ಯಾಕೆ ಬೇರೆ ಕಡೆ ಹೋಯಿತು ಎಂಬುದೇ ಅವತ್ತಿನ ಮನೆಕೆಲಸ.

ರಾಜ್ಯಕ್ಕೆ ಸಮಪಾಲಿನ ಆ ಮನೆ, ಅಂದರೆ ಸೆನೆಟ್, ನಮ್ಮ ರಾಜ್ಯಸಭೆ ಇದ್ದ ಹಾಗೆ ಎಂದು ಮನೆಯಲ್ಲಿ ಹೇಳಿಕೊಡುವವರು ಸ್ವಲ್ಪ ನಿಲ್ಲಿ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ 1. ಸೆನೆಟ್ಟಿನಲ್ಲಿ ಕ್ಯಾಲಿಫೋರ್ನಿಯಾಕ್ಕೂ 2, ವಯೋಮಿಂಗ್‌ಗೂ 2. ಜುಲೈ 16ರ ಜಗಳದ ತಿರುಳೇ ಈ ವ್ಯತ್ಯಾಸ; ಹೋಲಿಕೆ ಹೇಳಿದರೆ ಅದೇ ಕಳೆದುಹೋಗುತ್ತದೆ.

ಐದರಲ್ಲಿ ಮೂರು: ನಾಟಕ ನಿಲ್ಲಿಸಿ, ಪೆನ್ಸಿಲ್ ತೆಗೆಯಿರಿ

ಐದು, ಆರನೇ ಪೀರಿಯಡ್‌ನಲ್ಲಿ ಚೀಟಿಗಳನ್ನು ವಾಪಸ್ ತೆಗೆದುಕೊಳ್ಳಬೇಕು. ಗುಲಾಮಗಿರಿಯ ಪರ ವಾದಿಸುವ ಪಾತ್ರವನ್ನು ಯಾವ ಮಗುವಿಗೂ ಕೊಡಬಾರದು. ಕಪ್ಪು ಮಕ್ಕಳಿರುವ ತರಗತಿಯಲ್ಲಿ ಅದು ಕ್ರೌರ್ಯ, ಇಲ್ಲದ ತರಗತಿಯಲ್ಲಿ ಅದು ತಮಾಷೆಯಾಗಿಬಿಡುತ್ತದೆ. ಪಾತ್ರವಿಲ್ಲದೆಯೂ ಈ ಪಾಠ ಮುಟ್ಟುತ್ತದೆ, ಅಂಕಿಯೇ ಸಾಕು.

ಬೋರ್ಡಿನ ಮೇಲೆ ವರ್ಜಿನಿಯಾ, 1790: ಒಟ್ಟು 7,47,610. ಗುಲಾಮಗಿರಿಯಲ್ಲಿದ್ದವರು 2,92,627. ಉಳಿದವರು 4,54,983. ಪಕ್ಕದಲ್ಲಿ ಮ್ಯಾಸಚೂಸೆಟ್ಸ್, ಆಗ ಅದರ ಭಾಗವೇ ಆಗಿದ್ದ ಮೇಯ್ನ್ ಸೇರಿ: 4,75,327, ಗುಲಾಮರೆಂದು ದಾಖಲಾದವರು ಸೊನ್ನೆ. 1792ರ ಹಂಚಿಕೆಯಲ್ಲಿ ಒಂದು ಸೀಟಿಗೆ 33,000 ಜನ. ಮೂರು ರೀತಿಯಲ್ಲಿ ಭಾಗಿಸಿ ನೋಡಿ.

ಗುಲಾಮಗಿರಿಯಲ್ಲಿದ್ದವರನ್ನು ಎಣಿಸದೇ ಇದ್ದರೆ: 4,54,983ನ್ನು 33,000ದಿಂದ ಭಾಗಿಸಿದರೆ 13.79, ಅಂದರೆ 13 ಸೀಟು. ಪೂರ್ತಿ ಎಣಿಸಿದರೆ 22.65, ಅಂದರೆ 22. ಸಮಾವೇಶ ಕೊನೆಗೆ ಒಪ್ಪಿದ ಐದರಲ್ಲಿ ಮೂರರ ಲೆಕ್ಕದಲ್ಲಿ (ಗುಲಾಮಗಿರಿಯಲ್ಲಿದ್ದ ಐವರನ್ನು ಮೂವರೆಂದು ಎಣಿಸಿ) 2,92,627ಕ್ಕೆ 1,75,576, ಕೂಡಿಸಿದರೆ 6,30,559, ಭಾಗಿಸಿದರೆ 19.1, ಅಂದರೆ 19. ಮ್ಯಾಸಚೂಸೆಟ್ಸ್‌ಗೆ ಹೇಗೆ ಎಣಿಸಿದರೂ 14. ಅಂದರೆ ಮತವೇ ಇಲ್ಲದ, ಮಾರಾಟವಾಗುತ್ತಿದ್ದ ಜನರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ವರ್ಜಿನಿಯಾ ಮ್ಯಾಸಚೂಸೆಟ್ಸ್‌ಗಿಂತ ಒಂದು ಸೀಟು ಹಿಂದೆ. ಹಿಡಿದಾಗ ಐದು ಸೀಟು ಮುಂದೆ. ಅಧ್ಯಕ್ಷರ ಚುನಾವಣೆಗೆ ಪ್ರತಿ ರಾಜ್ಯಕ್ಕೂ ಎರಡು ಸೆನೆಟ್ ಸ್ಥಾನ ಕೂಡಿಸಿ ಮತ ಕೊಡುತ್ತಾರೆ, ಅಲ್ಲಿಗೆ ವರ್ಜಿನಿಯಾಕ್ಕೆ 21, ಮ್ಯಾಸಚೂಸೆಟ್ಸ್‌ಗೆ 16. ಈ ಐದರ ಅಂತರ ಕಾಂಗ್ರೆಸ್ಸಿನಿಂದ ಅಧ್ಯಕ್ಷ ಪದವಿಗೂ ಹರಿದು ಹೋಯಿತು ಎಂಬುದನ್ನು ಮಕ್ಕಳು ತಾವೇ ಕೂಡಿಸಿ ಕಂಡುಕೊಳ್ಳಲಿ, ಹೇಳಿಕೊಡಬೇಡಿ.

ಇಲ್ಲಿ ಗಣಿತದ ತಪ್ಪೊಂದು ಗ್ಯಾರಂಟಿ. 13.79 ಬಂದ ಕೂಡಲೇ ಅರ್ಧ ತರಗತಿ ಅದನ್ನು 14 ಮಾಡುತ್ತದೆ, ಗಣಿತದ ಮೇಷ್ಟ್ರು ಕಲಿಸಿದ ಹಾಗೆ. ಆಗ ವರ್ಜಿನಿಯಾ, ಮ್ಯಾಸಚೂಸೆಟ್ಸ್ ಸಮ ಆಗಿಬಿಡುತ್ತವೆ, ಪಕ್ಕದ ಬೆಂಚಿನ ಉತ್ತರ ಬೇರೆ ಬರುತ್ತದೆ, ಗಲಾಟೆ. ತಪ್ಪೆಂದು ಹೊಡೆದುಹಾಕಬೇಡಿ, ದೇಶದ ಮೊದಲ ವೀಟೋ ಬಂದದ್ದೇ ಈ ಚಿಲ್ಲರೆಯ ಜಗಳದಿಂದ. ಚಿಲ್ಲರೆ ಹೆಚ್ಚಿದ್ದ ಎಂಟು ರಾಜ್ಯಗಳಿಗೆ ಒಂದೊಂದು ಸೀಟು ಹೆಚ್ಚು ಕೊಡುವ ಮಸೂದೆಯನ್ನು ವಾಷಿಂಗ್ಟನ್ 1792ರ ಏಪ್ರಿಲ್ 5ರಂದು ತಿರುಗಿಸಿ ಕಳಿಸಿದ. ಆಮೇಲೆ ಬಂದದ್ದೇ 33,000ದ ಲೆಕ್ಕ, ಚಿಲ್ಲರೆ ಬಿಟ್ಟು. 1.68 ಬಂದಿದ್ದ ಡೆಲವೇರ್‌ಗೆ ಸಿಕ್ಕಿದ್ದು 1.

ಆರನೇ ಪೀರಿಯಡ್ ತಪ್ಪು ತಿಳಿವಳಿಕೆ ಬಿಡಿಸಲು ಬೇಕಾಗುತ್ತದೆ. ‘ಸಂವಿಧಾನ ಕಪ್ಪು ಜನರನ್ನು ಐದರಲ್ಲಿ ಮೂರು ಪಾಲು ಮನುಷ್ಯರು ಅಂದಿತು’ ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಆ ಕಲಮು ಹೇಳುವುದು ಸೀಟು ಮತ್ತು ನೇರ ತೆರಿಗೆಯ ಲೆಕ್ಕವನ್ನು. ಸ್ವತಂತ್ರ ಕಪ್ಪು ಜನರ ಎಣಿಕೆ ಪೂರ್ತಿಯೇ. ಹಾಗಾದರೆ ಗುಲಾಮಗಿರಿಯಲ್ಲಿದ್ದವರನ್ನು ಪೂರ್ತಿ ಒಂದು ಎಂದು ಎಣಿಸಿ ಎಂದವರು ಯಾರು? ಅವರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ ರಾಜ್ಯಗಳ ಪ್ರತಿನಿಧಿಗಳು. ಎಣಿಸಲೇಬೇಡಿ ಎಂದವರು ಉತ್ತರದವರು. ಇದು ತಲೆಕೆಳಗಾಗಿ ಕಂಡು ಮಕ್ಕಳು ಸುಮ್ಮನಾಗುತ್ತಾರೆ, ಆ ಮೌನವನ್ನು ಬೇಗ ಒಡೆಯಬಾರದು. ಆಮೇಲೆ 1787ರ ಪಠ್ಯದಲ್ಲಿ ಗುಲಾಮ ಎಂಬ ಪದವನ್ನು ಹುಡುಕಲು ಹೇಳಿ. ಎಲ್ಲೂ ಸಿಗುವುದಿಲ್ಲ. ‘ಇತರ ವ್ಯಕ್ತಿಗಳು’ ಅಂತಿದೆ. 1808ರವರೆಗೆ ತಡೆಯುವಂತಿಲ್ಲ ಎಂದ ಮನುಷ್ಯರ ಆಮದಿಗೂ, ಓಡಿಹೋದವರನ್ನು ಹಿಡಿದುಕೊಡಬೇಕು ಎಂದ ಕಲಮಿಗೂ ಇಂಥದೇ ಮುಸುಕು.

ಏಳನೇ ಪೀರಿಯಡ್ ಅಧ್ಯಕ್ಷರದ್ದು. ಎಷ್ಟು ವರ್ಷ, ಆರಿಸುವವರು ಯಾರು? ಜುಲೈನಲ್ಲಿ ಕಾಂಗ್ರೆಸ್ಸೇ ಆರಿಸಿ ಏಳು ವರ್ಷ ಎಂದರು, ಬಿಟ್ಟರು, ಮತ್ತೆ ಅದಕ್ಕೇ ಬಂದರು. ನಾಲ್ಕು ವರ್ಷ, ಮತದಾರರ ಮಂಡಳಿ ಎಂಬುದು ಸೆಪ್ಟೆಂಬರ್ 4ರಂದು ಸಮಿತಿಯೊಂದರ ವರದಿಯಲ್ಲಿ ಬಂತು. ಎಲ್ಲರಿಗೂ ದಣಿವಾಗಿತ್ತು. ತರಗತಿಗೂ ಆಗಿರುತ್ತದೆ, ಇದನ್ನು ಎಳೆಯಬೇಡಿ.

ಪಠ್ಯ, ಆಮೇಲೆ ಎಣಿಕೆ

ಎಂಟನೇ ಪೀರಿಯಡ್‌ಗೆ ಮೂಲ ಪಠ್ಯ. ನಾಲ್ಕು ಹಾಳೆ, ಏಳು ವಿಧಿ, ಸುಮಾರು 4,400 ಪದ. ಪೂರ್ತಿ ಓದಿಸಿದರೆ ಸತ್ತೇ ಹೋಗುತ್ತಾರೆ. ಪ್ರಸ್ತಾವನೆ, ಒಂದನೇ ವಿಧಿಯ 8 ಮತ್ತು 9ನೇ ಸೆಕ್ಷನ್, ಎರಡನೆಯದರ 2, ಮೂರನೆಯದರ 1, ಆಮೇಲೆ ಐದು ಮತ್ತು ಏಳನೇ ವಿಧಿ: ಇಷ್ಟನ್ನು ಕತ್ತರಿಸಿ ಗುಂಪಿಗೊಂದು ಹಂಚಿದರೆ ಸಾಕು. ಮೂರು ಡಬ್ಬಿಯ ಚಿತ್ರವನ್ನು ಈಗ ಅವರೇ ಬರೆಯಲಿ. ಮೊದಲ ದಿನ ಗೋಡೆಗೆ ಅಂಟಿಸಿದ ಕಾಗದ ಪಕ್ಕದಲ್ಲೇ ಇರುತ್ತದೆ.

ಪ್ರಸ್ತಾವನೆಗೆ ಎರಡು ಕರಡು ಒಟ್ಟಿಗೆ ಕೊಡಿ. ಆಗಸ್ಟ್ 6ರದ್ದರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಿಂದ ಹಿಡಿದು ಜಾರ್ಜಿಯಾವರೆಗೆ ಹದಿಮೂರೂ ರಾಜ್ಯಗಳ ಹೆಸರಿದೆ. ಸೆಪ್ಟೆಂಬರಿನದ್ದರಲ್ಲಿ ಹೆಸರುಗಳು ಹೋಗಿ ಯುನೈಟೆಡ್ ಸ್ಟೇಟ್ಸ್‌ನ ಜನರಾದ ನಾವು ಎಂದಾಗಿದೆ. ಯಾಕೆ ಎಂದರೆ ದೇಶಪ್ರೇಮ ಎನ್ನುತ್ತಾರೆ. ಏಳನೇ ವಿಧಿ ಸಿಕ್ಕ ಗುಂಪಿಗೆ ಅಸಲು ಕಾರಣ ಹೊಳೆಯುತ್ತದೆ: ಒಂಬತ್ತು ರಾಜ್ಯ ಒಪ್ಪಿದರೆ ಜಾರಿ, ಆ ಒಂಬತ್ತು ಯಾವುವೋ ಯಾರಿಗೂ ಗೊತ್ತಿಲ್ಲ. ಒಪ್ಪದ ರಾಜ್ಯದ ಹೆಸರು ಮೊದಲ ಸಾಲಲ್ಲೇ ಇದ್ದರೆ ಹೇಗೆ? ಹಳೆಯ ಕಾಗುಣಿತವೂ ಮಕ್ಕಳಿಗೆ ಖುಷಿ ಕೊಡುತ್ತದೆ, ಸಹಿಗಳ ಪಕ್ಕ ಪೆನ್ಸಿಲ್ವೇನಿಯಾದ ಸ್ಪೆಲ್ಲಿಂಗಿನಲ್ಲಿ ಒಂದು ಎನ್ ಇಲ್ಲ.

ಸಹಿ ಹಾಕಿದವರ ಪಟ್ಟಿಯಲ್ಲಿ ಜೆಫರ್ಸನ್‌ನನ್ನು ಹುಡುಕಿಸಿ. ಇರುವುದಿಲ್ಲ, ಆತ ಪ್ಯಾರಿಸ್‌ನಲ್ಲಿದ್ದ. ಜಾನ್ ಆಡಮ್ಸ್ ಲಂಡನ್ನಿನಲ್ಲಿ. ಬಂದಿದ್ದ 55 ಜನರಲ್ಲಿ ಸಹಿ 39. ಕೊನೆಯವರೆಗೂ ಇದ್ದು ಸಹಿ ಹಾಕೆನೆಂದವರು ಮೂವರು: ಮೇಸನ್, ರ‍್ಯಾಂಡಾಲ್ಫ್, ಗೆರಿ. ವರ್ಜಿನಿಯಾ ಯೋಜನೆ ಮಂಡಿಸಿದ್ದೇ ರ‍್ಯಾಂಡಾಲ್ಫ್.

ಒಂಬತ್ತನೇ ದಿನ ಅನುಮೋದನೆ, ಅಂದರೆ ಒಂದೊಂದೇ ರಾಜ್ಯ ಮತ ಹಾಕಿ ಸಂವಿಧಾನವನ್ನು ಒಪ್ಪಿದ್ದು. ಪ್ರತಿ ಗುಂಪಿಗೂ ಒಂದು ರಾಜ್ಯದ ಮತ ಕೊಟ್ಟು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನ ಮನಸ್ಸು ಬದಲಿಸಿದ್ದರೆ ಅಲ್ಲಿ ಬಹುಮತ ಸಿಗುತ್ತಿರಲಿಲ್ಲ? ಡೆಲವೇರ್ 30-0, ಅಲ್ಲಿ ಪ್ರಶ್ನೆಯೇ ಇಲ್ಲ. ಮ್ಯಾಸಚೂಸೆಟ್ಸ್ 187-168, ಹತ್ತು ಜನ. ವರ್ಜಿನಿಯಾ 89-79, ಐದು ಜನ ತಿರುಗಿದರೆ ಸಮ. ನ್ಯೂಯಾರ್ಕ್ 30-27, ಇಬ್ಬರು. 1790ರ ಮೇ ತಿಂಗಳಲ್ಲಿ ಕೊನೆಗೂ ಬಂದ ರೋಡ್ ಐಲೆಂಡ್ 34-32, ಒಬ್ಬನೇ ತಿರುಗಿದರೆ ಸಮ. ಕಾಳಿನ ದಿನ ಬೈಸಿಕೊಂಡ ಇಬ್ಬರು ಮಕ್ಕಳಿಗೇ ಇದನ್ನು ಓದಲು ಕೊಡಿ. ಒಂಬತ್ತನೆಯದು ನ್ಯೂ ಹ್ಯಾಂಪ್‌ಶೈರ್, 1788ರ ಜೂನ್ 21. ಆದರೆ ವರ್ಜಿನಿಯಾ, ನ್ಯೂಯಾರ್ಕ್ ಇಲ್ಲದ ಒಂಬತ್ತು ಎಂಥ ದೇಶ ಎಂದು ನಕ್ಷೆಯಲ್ಲಿ ಆ ಎರಡಕ್ಕೆ ಬಿಳಿ ಕಾಗದ ಮುಚ್ಚಿ ತೋರಿಸಿ.

ಮ್ಯಾಸಚೂಸೆಟ್ಸ್ ಒಪ್ಪಿದ್ದು ತಿದ್ದುಪಡಿಗಳ ಶಿಫಾರಸು ಜೊತೆಗಿಟ್ಟು. ಹಕ್ಕುಗಳ ಪಟ್ಟಿ ಬಂದದ್ದು ಈ ದಾರಿಯಲ್ಲಿ, 1787ರ ಹಾಳೆಯಲ್ಲಿ ಅಲ್ಲ. 1789ರಲ್ಲಿ ಕಾಂಗ್ರೆಸ್ ಕಳಿಸಿದ್ದು 12, 1791ರ ಡಿಸೆಂಬರ್ 15ಕ್ಕೆ ಪಾಸಾದದ್ದು 10, ಇನ್ನೊಂದು 1992ರಲ್ಲಿ ಪಾಸಾಗಿ 27ನೇ ತಿದ್ದುಪಡಿಯಾಯಿತು. ಕನ್ನಡದ ಮಕ್ಕಳಿದ್ದರೆ ಐದನೇ ತಿದ್ದುಪಡಿಯ ‘ಡ್ಯೂ ಪ್ರೋಸೆಸ್’ (ನ್ಯಾಯಬದ್ಧ ಕಾನೂನು ಕ್ರಮ) ಬಂದಾಗ ಒಂದು ಮಾತು ಸೇರಿಸಬಹುದು. ಮಂಗಳೂರಿನಲ್ಲಿ ಹುಟ್ಟಿದ, ಭಾರತದ ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಬಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಆ ಪದ ನಿಮಗೆ ಬೇಡ ಎಂಬ ಸಲಹೆ ಅಲ್ಲಿ ಸಿಕ್ಕಿತು, ನಮ್ಮ 21ನೇ ವಿಧಿಯಲ್ಲಿ ಆ ಪದ ಇಲ್ಲ.

ಪರೀಕ್ಷೆಗೆ ಇಸವಿ ಕೇಳುವುದಿಲ್ಲ. 20 ಅಂಕಕ್ಕೆ ಒಂದೇ ಪ್ರಶ್ನೆ: ಜುಲೈ 16ರ ಮತದ ಪಟ್ಟಿ ಮತ್ತು ಹತ್ತೂ ಚೀಟಿ ಕೊಟ್ಟು, ಚೀಟಿಗೂ ಮತಕ್ಕೂ ಹೊಂದುವ ಒಂದು ರಾಜ್ಯವನ್ನೂ, ಮೇಲ್ನೋಟಕ್ಕೆ ಹೊಂದದ ಒಂದು ರಾಜ್ಯವನ್ನೂ ಆರಿಸಿ ಕಾರಣ ಬರೆಯಿರಿ. ಡೆಲವೇರ್, ಜಾರ್ಜಿಯಾ ಬರೆದವರಿಗೆ 14ರವರೆಗೆ, ಅದು ತರಗತಿಯಲ್ಲೇ ಆಗಿಹೋದ ಮಾತು. ಜೂನ್‌ನಲ್ಲಿ ದೊಡ್ಡವರ ಜೊತೆಗಿದ್ದು ಜುಲೈನಲ್ಲಿ ಆ ಕಡೆ ಹಾರಿದ ನಾರ್ತ್ ಕೆರೊಲಿನಾವನ್ನು ಹಿಡಿದು, ಚೀಟಿಯಿಂದಲೇ ಕಾರಣ ತೋರಿಸಿದವರಿಗೆ ಪೂರ್ತಿ 20.